ಥ್ರೆಡ್-23 ಅಂದರೆ ಯಾರು ಮಾರಾಯ್ರೆ?

ನಾನು ಮೊದಲು ಕೆಲಸ ಮಾಡುತ್ತಿದ್ದ ಆಫೀಸಿನಲ್ಲಿ ನಾಲ್ಕು ಮಂದಿ ಶೆಟ್ಟರಿದ್ದರು. ಮುಂಬಯಿಯಲ್ಲಿ ಇದೇನು ದೊಡ್ಡ ಸುದ್ದಿಯಲ್ಲ ಬಿಡಿ. ಹೊರಗಿನಿಂದ ಫೋನ್ ಬಂದರೆ ಟೆಲಿಫೋನ್ ಬೋರ್ಡಿನಲ್ಲಿ ಕೂತಿದ್ದ ಮರಾಠಿ ಬಾಯಿ "ಕುಠ್ಲಾ ಶೆಟ್ಟಿ?" ಅಂತ ಕೇಳೋರು. ಇನಿಷಿಯಲ್ ಹೇಳಿ ನೋಡಿದರು, ಇಬ್ಬರದ್ದು ಇನಿಷಿಯಲ್ಲೂ ಒಂದೇ! ಎಲ್ಲರಿಗೂ ಎಂಪ್ಲಾಯೀ ನಂಬರ್ ಅಂತ ಒಂದಿತ್ತು. ಆದರೆ ಅದು ಸ್ವತಃ ಶೆಟ್ಟರಿಗೇ ನೆನಪಿರುತ್ತಿರಲಿಲ್ಲ. ಕೊನೆಗೆ ಆಕೆಯೇ ಒಂದು ದಾರಿ ಕಂಡುಕೊಂಡರು. ಬಿಲ್ಲು ಶೆಟ್ಟಿ, ಸ್ಟೋರ್ಸ್ ಶೆಟ್ಟಿ, ಕಂಪ್ಯೂಟರ್ ಶೆಟ್ಟಿ. ನಾಲ್ಕನೆಯವರು ಏನು ಕೆಲಸ ಮಾಡುತ್ತಾರೆ ಅಂತ ಯಾರಿಗೂ ಸರಿಯಾಗಿ ಗೊತ್ತಿರಲಿಲ್ಲ, ಹಾಗಾಗಿ ಅವರು ವಸಾಯಿ ಶೆಟ್ಟಿ ಆದರು. ಅಂದಿನಿಂದ ಒಂದು ಫೋನೂ ತಪ್ಪಾದವರಿಗೆ ಹೋಗಲಿಲ್ಲ.

ಆ ಬಾಯಿಗೆ ಒಂದು ವಾರದಲ್ಲಿ ಹೊಳೆದದ್ದು, ಪ್ರೋಗ್ರಾಮ್ ಬರೆದು ಬರೆದು ಕೂದಲು ಹಣ್ಣಾದ ನನಗೆ ಹೊಳೆಯಲು ಹತ್ತು ವರ್ಷ ಬೇಕಾಯಿತು. ಹೊಳೆಯುವಷ್ಟರಲ್ಲಿ ಒಬ್ಬ ಹುಡುಗನ ಕೆಲಸಕ್ಕೇ ಕುತ್ತು ಬರುವುದರಲ್ಲಿತ್ತು. ಅದನ್ನೇ ಇವತ್ತು ಬರೆಯೋಣ ಅಂತ ಕೂತಿದ್ದೇನೆ. ಕಂಪ್ಯೂಟರ್ ವಿಷಯ ಅಂತ ಓಡಿ ಹೋಗಬೇಡಿ, ಹೋಟೆಲಿನ ಅಡುಗೆಮನೆ ನೋಡಿದವರಿಗೆ ಎಲ್ಲಾ ಅರ್ಥವಾಗುತ್ತದೆ :-)

ಮಾಟುಂಗಾದ ಯಾವುದಾದರೂ ಉಡುಪಿ ಹೋಟೆಲಿನ ಒಳಗೆ ಇಣುಕಿ ನೋಡಿ. ಅಡುಗೆಮನೆ ಒಂದೇ. ಆದರೆ ಒಬ್ಬರು ದೋಸೆ ಕಾವಲಿಯ ಮುಂದೆ, ಒಬ್ಬರು ಇಡ್ಲಿಗೆ, ಒಬ್ಬರು ಚಹಾ ಕಾಫಿಗೆ, ಇನ್ನೊಬ್ಬರು ವಡೆಗೆ. ಎಲ್ಲರೂ ಒಂದೇ ಹೊತ್ತಿಗೆ ಕೆಲಸ ಮಾಡುತ್ತಿರುತ್ತಾರೆ. ಉಗ್ರಾಣ ಒಂದೇ, ರುಬ್ಬುವ ಗ್ರೈಂಡರೂ ಒಂದೇ. ಒಬ್ಬರು ಗ್ರೈಂಡರ್ ಹಿಡಿದುಕೊಂಡಿದ್ದರೆ ಇನ್ನೊಬ್ಬರು ಕಾಯಬೇಕು. ಈ ಅಡುಗೆಮನೆಯನ್ನು ಪ್ರೋಗ್ರಾಮ್ ಅಂದುಕೊಂಡರೆ ಅಲ್ಲಿರುವ ಒಬ್ಬೊಬ್ಬ ಕೆಲಸದವನೂ ಒಂದೊಂದು ಥ್ರೆಡ್, ಕನ್ನಡದಲ್ಲಿ ಎಳೆ ಅನ್ನಬಹುದು. ಗ್ರೈಂಡರ್ ಹಿಡಿದುಕೊಳ್ಳುವುದಕ್ಕೆ ನಮ್ಮವರು ಲಾಕ್ ಅನ್ನುತ್ತಾರೆ. ಹೋಟೆಲಿನಲ್ಲಿ ಕೆಲಸ ನಿಂತರೆ ಮಾಲೀಕರು ಒಳಗೆ ಬಂದು "ದೋಸೆ ಭಟ್ರೆ, ಎಂತ ಆಯ್ತು?" ಅಂತ ಕೇಳುತ್ತಾರೆ. "ಮೂರನೇ ನಂಬರಿನವನೇ" ಅಂತ ಯಾರೂ ಕರೆಯುವುದಿಲ್ಲ.

ಆದರೆ ಪ್ರೋಗ್ರಾಮಿನಲ್ಲಿ ನಾವು ಕರೆಯುವುದು ಹಾಗೆಯೇ! ಜಾವಾದಲ್ಲಿ ನೀವು ಹೆಸರು ಕೊಡದೇ ಹೋದರೆ ಅದೇ ಥ್ರೆಡ್-0, ಥ್ರೆಡ್-1, ಥ್ರೆಡ್-2 ಅಂತ ಸಾಲಾಗಿ ಕೊಡುತ್ತಾ ಹೋಗುತ್ತದೆ. ಪೂಲ್ ಅಂದರೆ ಮೊದಲೇ ಹುಟ್ಟಿಸಿ ಸಾಲಾಗಿ ಕೂರಿಸಿದ ಥ್ರೆಡ್‌ಗಳ ಗುಂಪು. ಅಲ್ಲಿ ಪೂಲ್-1-ಥ್ರೆಡ್-1, ಪೂಲ್-1-ಥ್ರೆಡ್-2. ಪೈಥಾನಿನಲ್ಲೂ ಇದೇ ಕಥೆ. 2021ರಲ್ಲಿ ಬಂದ 3.10 ಆವೃತ್ತಿಯಿಂದ ಪಾಪ ಅದು ನಂಬರಿನ ಜೊತೆಗೆ ಯಾವ ಫಂಕ್ಷನ್ನು ಓಡುತ್ತಿದೆ ಅನ್ನುವುದನ್ನೂ ಸೇರಿಸಲು ಶುರು ಮಾಡಿದೆ. ಯಾರಿಗೋ ನಮ್ಮ ಮೇಲೆ ಕನಿಕರ ಬಂದಿರಬೇಕು.

ಈಗ ಹುಡುಗನ ವಿಷಯಕ್ಕೆ ಬರುತ್ತೇನೆ. ಹದಿನೆಂಟು ಇಪ್ಪತ್ತು ವರ್ಷದ ಹಿಂದಿನ ಮಾತು. ಅಂಧೇರಿ ಕಡೆಯ ಒಂದು ಕಂಪನಿ, ಹೆಸರು ಬೇಡ. ನಲವತ್ತೊಂದು ಶಾಖೆಗಳಿಂದ ಪ್ರತಿ ರಾತ್ರಿ ಆ ದಿನದ ಲೆಕ್ಕದ ಫೈಲು ತರಿಸಿ, ಒಟ್ಟು ಸೇರಿಸಿ, ಬೆಳಗ್ಗೆ ಏಳಕ್ಕೆ ಮುಂದೆ ಕಳಿಸುವ ಪ್ರೋಗ್ರಾಮ್. ಒಂದು ಶಾಖೆಗೆ ಒಂದು ಥ್ರೆಡ್. ಯಾವ ಶಾಖೆಯ ಲೈನು ಮೊದಲು ಸಿಗುತ್ತದೋ ಅದಕ್ಕೆ ಮೊದಲು ಥ್ರೆಡ್ ಹುಟ್ಟುತ್ತಿತ್ತು. ಹಾಗಾಗಿ ಇವತ್ತಿನ ಥ್ರೆಡ್-5 ಪುಣೆಯದ್ದಾದರೆ ನಾಳೆಯ ಥ್ರೆಡ್-5 ನಾಶಿಕದ್ದು. ಇದನ್ನು ಬರೆದ ಪುಣ್ಯಾತ್ಮ ಯಾವ ಥ್ರೆಡ್ಡಿಗೂ ಹೆಸರಿಟ್ಟಿರಲಿಲ್ಲ.

ರಾತ್ರಿ ಪಾಳಿಗೆ ಕುಂದಾಪುರದ ಕಡೆಯ ಒಬ್ಬ ಹುಡುಗ. ಸೇರಿ ಐದು ತಿಂಗಳಾಗಿತ್ತು, ಇನ್ನೂ ಪ್ರೊಬೇಶನ್. ಆ ವಾರ ನಲವತ್ತೆರಡನೆಯ ಶಾಖೆಯೊಂದನ್ನು ಪಟ್ಟಿಗೆ ಸೇರಿಸುವ ಸಣ್ಣ ಕೆಲಸ ಅವನಿಗೆ ಕೊಟ್ಟಿದ್ದರು, ಸೇರಿಸಿದ. ಎರಡನೇ ದಿನ ರಾತ್ರಿ ಎರಡು ಗಂಟೆಗೆ ಪ್ರೋಗ್ರಾಮ್ ನಿಂತಿತು. ಸಾಯಲಿಲ್ಲ, ಎರರ್ ಕೊಡಲಿಲ್ಲ, ಸುಮ್ಮನೆ ನಿಂತಿತು. ಹುಡುಗ ಬುದ್ಧಿವಂತ, ಮರುಚಾಲೂ ಮಾಡುವ ಮೊದಲು ಥ್ರೆಡ್ ಡಂಪ್ ತೆಗೆದ. (ಡಂಪ್ ಅಂದರೆ ಆ ಕ್ಷಣದಲ್ಲಿ ಯಾವ ಥ್ರೆಡ್ ಎಲ್ಲಿ ನಿಂತಿದೆ, ಯಾವ ಲಾಕ್ ಹಿಡಿದಿದೆ ಅನ್ನುವ ಪಟ್ಟಿ. ಯುನಿಕ್ಸಿನಲ್ಲಿ ಜಾವಾ ಪ್ರೋಗ್ರಾಮಿಗೆ 'ಕಿಲ್ ಮೈನಸ್ ಮೂರು' ಕಳಿಸಿದರೆ ಬರೆದು ಕೊಡುತ್ತದೆ. ಹೆಸರು ಕಿಲ್ ಅಂತಿದ್ದರೂ ಅದರಿಂದ ಪ್ರೋಗ್ರಾಮ್ ಸಾಯುವುದಿಲ್ಲ.)

ಡಂಪಿನಲ್ಲಿ ಏನಿತ್ತು? ಇಪ್ಪತ್ತೈದು ಶಾಖೆಗಳ ಕೆಲಸ ಮುಗಿದಿತ್ತು, ಹದಿನೇಳು ಉಳಿದಿದ್ದವು. ಆ ಹದಿನೇಳರಲ್ಲಿ ಹದಿನಾರು ಥ್ರೆಡ್‌ಗಳು ಒಂದು ಲಾಕಿಗಾಗಿ ಕ್ಯೂ ನಿಂತಿದ್ದವು. ಲಾಕ್ ಹಿಡಿದುಕೊಂಡು ಕೂತವನು ಥ್ರೆಡ್-23. ಅವನು ಯಾವುದೋ ಶಾಖೆಯ ಲೈನಿನಿಂದ ಮುಂದಿನ ಅಕ್ಷರ ಬರುತ್ತದೆ ಅಂತ ಕಾಯುತ್ತಿದ್ದ. ತಮಾಷೆ ನೋಡಿ, ಹೀಗೆ ನೆಟ್‌ವರ್ಕ್ ಮುಂದೆ ಬಾಯಿ ಬಿಟ್ಟು ಕೂತ ಥ್ರೆಡ್ಡನ್ನು ಜಾವಾ 'ರನ್ನಬಲ್' ಅಂದರೆ ಓಡುತ್ತಿದೆ ಅಂತಲೇ ಬರೆಯುತ್ತದೆ! ಆದರೆ ಯಾವ ಶಾಖೆ? ಅದನ್ನು ಹೇಳುವ ಒಂದಕ್ಷರ ಎಲ್ಲೂ ಇಲ್ಲ. ಲಾಗ್ ಫೈಲಿನಲ್ಲೂ "ಥ್ರೆಡ್-23 ಶುರುವಾಯಿತು" ಅಂತಷ್ಟೇ. ಬಾಕಿ ಉಳಿದ ಹದಿನೇಳು ಶಾಖೆಗಳಲ್ಲಿ ಒಬ್ಬ ಕಳ್ಳ, ಹದಿನಾರು ಮಂದಿ ಅವನ ಹಿಂದೆ ನಿಂತ ಬಡಪಾಯಿಗಳು. ಹುಡುಗ ಸೇರಿಸಿದ ಹೊಸ ಶಾಖೆಯೂ ಆ ಹದಿನೇಳರಲ್ಲಿತ್ತು.

ಮರುದಿನ ರಾತ್ರಿ ಮತ್ತೆ ನಿಂತಿತು. ಈ ಸಲ ಲಾಕ್ ಹಿಡಿದವನು ಥ್ರೆಡ್-31, ಬಾಕಿ ಉಳಿದದ್ದು ಹನ್ನೆರಡು ಶಾಖೆ. ಹೊಸ ಶಾಖೆ ಅದರಲ್ಲೂ ಇತ್ತು. ಇನ್ನೇನು ಬೇಕು? "ಹೊಸ ಶಾಖೆ ಸೇರಿಸಿದ ಮೇಲೆ ಶುರುವಾಗಿದೆ, ಎರಡು ಸಲವೂ ಅದು ಬಾಕಿ ಇದೆ, ಹುಡುಗ ಏನೋ ಕೆಡಿಸಿದ್ದಾನೆ." ಮೀಟಿಂಗಿನಲ್ಲಿ ತೀರ್ಪು ಆಗಿಯೇ ಹೋಯಿತು. ಪ್ರೊಬೇಶನ್ ಮುಂದುವರಿಸುವ ಮಾತು, ಅದರ ಹಿಂದೆಯೇ ಮನೆಗೆ ಕಳಿಸುವ ಮಾತೂ ಬಂತು. ಹುಡುಗ ಬಂದು ನನ್ನ ಮೇಜಿನ ಹತ್ತಿರ ನಿಂತ. "ಸರ್, ಮೊನ್ನೆ 23, ನಿನ್ನೆ 31. ಇದು ಎರಡು ಬೇರೆ ಬೇರೆ ತೊಂದರೆಯಾ ಅಥವಾ ಒಂದೇಯಾ ಅಂತಲೇ ನಂಗೆ ಗೊತ್ತಾಗ್ತಿಲ್ಲ. ಇದು ಬರೆದವ್ರು ಯಾರು ಸರ್?"

ಬರೆದವನು ನಾನೇ. ಆ ಪುಣ್ಯಾತ್ಮ ಬೇರೆ ಯಾರೂ ಅಲ್ಲ.

ಅವತ್ತು ಸಂಜೆ ನಾನು ಮಾಡಿದ್ದು ಒಂದೇ ಒಂದು ಸಾಲಿನ ಬದಲಾವಣೆ. ಥ್ರೆಡ್ ಹುಟ್ಟಿಸುವ ಜಾಗದಲ್ಲಿ ಶಾಖೆಯ ಹೆಸರನ್ನೇ ಥ್ರೆಡ್ಡಿನ ಹೆಸರಾಗಿ ಕೊಟ್ಟೆ. ಅಷ್ಟೇ. ರಾತ್ರಿ ಎರಡೂಕಾಲಕ್ಕೆ ಮತ್ತೆ ನಿಂತಿತು, ಡಂಪ್ ತೆಗೆದೆವು. ಲಾಕ್ ಹಿಡಿದು ಕೂತದ್ದು ವಿದರ್ಭದ ಒಂದು ಹಳೇ ಶಾಖೆ! ವಿಚಾರಿಸಿದರೆ ಆ ವಾರವಿಡೀ ಅಲ್ಲಿ ಮಳೆ, ಟೆಲಿಫೋನ್ ಲೈನು ನಡುನಡುವೆ ಕಡಿದು ಹೋಗುತ್ತಿತ್ತು. ಇಂತಿಷ್ಟು ಹೊತ್ತು ಕಾದು ಬಿಟ್ಟುಬಿಡು ಅಂತ ಟೈಮ್‌ಔಟ್ ಹಾಕದೇ ಇದ್ದದ್ದು, ಲಾಕ್ ಹಿಡಿದುಕೊಂಡೇ ಲೈನಿಗೆ ಕಾಯುವಂತೆ ಬರೆದದ್ದು, ಎರಡೂ ನನ್ನದೇ ತಪ್ಪು. ಹೊಸ ಶಾಖೆ ಯಾಕೆ ಪ್ರತಿ ಸಲ ಬಾಕಿ ಇತ್ತು? ಅದರ ಲೈನು ನಿಧಾನ, ದಿನವೂ ಕ್ಯೂನ ಕೊನೆಗೆ ಬರುತ್ತಿತ್ತು, ಅಷ್ಟೇ. ಮ್ಯಾನೇಜರಿಗೆ ಹೋಗಿ ಹೇಳಿದೆ. ಹುಡುಗನ ಕೆಲಸ ಉಳಿಯಿತು. ಆದರೆ ಆ ಮೂರು ದಿನ ಕ್ಯಾಂಟೀನಿನಲ್ಲಿ ಅವನು ಒಬ್ಬನೇ ಕೂತು ಊಟ ಮಾಡಿದ್ದು ನನಗೆ ಇವತ್ತೂ ಮರೆತಿಲ್ಲ. ನಾನು ಉಳಿಸಿದ ಒಂದು ಸಾಲಿನ ಬೆಲೆ ಅದು.

ಇದನ್ನು ಹೇಳಿದಾಗಲೆಲ್ಲ ಸ್ನೇಹಿತರು ಎರಡು ವಾದ ಮುಂದಿಡುತ್ತಾರೆ.

ಮೊದಲನೆಯದು, "ಡಂಪಿನಲ್ಲಿ ಸ್ಟ್ಯಾಕ್ ಇರುತ್ತದಲ್ಲ, ಯಾವ ಫಂಕ್ಷನ್ನಿನಲ್ಲಿ ನಿಂತಿದೆ ಅಂತ ತಿಳಿಯುತ್ತದಲ್ಲ, ಹೆಸರು ಯಾಕೆ?" ಸ್ಟ್ಯಾಕ್ ಹೇಳುವುದು ಏನು ಮಾಡುತ್ತಿದೆ ಅನ್ನುವುದನ್ನು. ಯಾರಿಗಾಗಿ ಅನ್ನುವುದನ್ನು ಅದು ಹೇಳುವುದಿಲ್ಲ. ನಲವತ್ತೆರಡು ಥ್ರೆಡ್‌ಗಳೂ ಒಂದೇ ಕೋಡ್ ಓಡಿಸುತ್ತಿದ್ದರೆ ನಲವತ್ತೆರಡರ ಸ್ಟ್ಯಾಕೂ ಒಂದೇ ಥರ. "ದಾದರಿನಲ್ಲಿ ಒಂದು ಗಾಡಿ ನಿಂತಿದೆ" ಅಂದರೆ ನಿಮಗೆ ಏನು ಗೊತ್ತಾಯಿತು? ಯಾವ ಗಾಡಿ ಅಂತ ಬೇಡವೇ?

ಎರಡನೆಯದು, "ನಂಬರ್ ಇದೆಯಲ್ಲ, ಎರಡು ಥ್ರೆಡ್ಡಿಗೆ ಒಂದೇ ಹೆಸರು ಬಂದೀತು, ಒಂದೇ ನಂಬರ್ ಬರುವುದಿಲ್ಲ." ಒಂದು ಕ್ಷಣದ ಮಟ್ಟಿಗೆ ನಿಜ. ಆದರೆ ಥ್ರೆಡ್ ಸತ್ತ ಮೇಲೆ ಅದರ ನಂಬರನ್ನು ಇನ್ನೊಂದಕ್ಕೆ ಕೊಡುವುದುಂಟು. ಲಿನಕ್ಸ್ ಕೊಡುತ್ತದೆ. ಜಾವಾದವರೂ ಥ್ರೆಡ್ಡಿನ ಐಡಿ ಮರುಬಳಕೆ ಆಗಬಹುದು ಅಂತ ತಮ್ಮ ಕೈಪಿಡಿಯಲ್ಲಿ ಬರೆದೇ ಇದ್ದಾರೆ. ಹಿಂದೆ ಬ್ಯಾಂಕಿನಲ್ಲಿ ಹಿತ್ತಾಳೆ ಟೋಕನ್ ಕೊಡುತ್ತಿದ್ದರಲ್ಲ, ಹಾಗೆ. ನಿನ್ನೆಯ ಟೋಕನ್ 17 ನೀವು, ಇವತ್ತಿನ 17 ಬೇರೆ ಯಾರೋ. ಕೌಂಟರಿನ ಮುಂದೆ ನಿಂತಿರುವಷ್ಟು ಹೊತ್ತು ಸರಿ, ವಾರದ ನಂತರ ಲೆಕ್ಕ ಹುಡುಕಲು ಹೋದರೆ ಟೋಕನ್ ನಂಬರಿನಿಂದ ಏನೂ ಸಿಗದು. ಹೆಸರೂ ಇರಲಿ, ನಂಬರೂ ಇರಲಿ, ಜಗಳ ಬೇಡ. ನಂಬರ್ ಯಂತ್ರಕ್ಕೆ, ಹೆಸರು ರಾತ್ರಿ ಎರಡು ಗಂಟೆಗೆ ಒಬ್ಬನೇ ಕೂತಿರುವ ಹುಡುಗನಿಗೆ.

ಹಾಗಾದರೆ ಎಂಥ ಹೆಸರಿಡಬೇಕು? ಇದಕ್ಕೆ ಮುಂಬಯಿಯ ಲೋಕಲ್ ಗಾಡಿಗಿಂತ ಒಳ್ಳೆಯ ಗುರು ಬೇಕಿಲ್ಲ. ಪ್ರತಿ ಲೋಕಲಿಗೂ ರೈಲ್ವೆಯವರು ಕೊಟ್ಟ ಒಂದು ನಂಬರ್ ಇದೆ. ನಮ್ಮಲ್ಲಿ ಎಷ್ಟು ಮಂದಿಗೆ ನಾವು ದಿನವೂ ಹತ್ತುವ ಗಾಡಿಯ ನಂಬರ್ ಗೊತ್ತು? ನಮಗೆ ಗೊತ್ತಿರುವುದು "9.12ರ ವಿರಾರ್ ಫಾಸ್ಟ್", "7.40ರ ಬೋರಿವಲಿ ಸ್ಲೋ". ಎಲ್ಲಿಗೆ, ಹೇಗೆ, ಯಾವಾಗ, ಈ ಮೂರರಲ್ಲಿ ಎಲ್ಲಾ ಬಂತು. ಥ್ರೆಡ್ಡಿನ ಹೆಸರೂ ಹೀಗಿರಬೇಕು. ಯಾವ ಕೆಲಸ, ಯಾರದ್ದು, ಎಷ್ಟನೆಯದು. 'ಫೈಲ್-ನಾಶಿಕ್-2' ಅಂದರೆ ಹೊಸಬನಿಗೂ ಅರ್ಥವಾಗುತ್ತದೆ. 'ವರ್ಕರ್' ಅಂತ ನಲವತ್ತಕ್ಕೂ ಇಟ್ಟರೆ ನಾಲ್ವರನ್ನೂ ಬರೀ ಶೆಟ್ಟಿ ಅಂದ ಹಾಗೆ.

ಲೋಕಲಿನಿಂದ ಇನ್ನೊಂದು ಪಾಠ ಇದೆ. ಬೆಳಗ್ಗೆ ವಿರಾರ್ ಫಾಸ್ಟ್ ಆಗಿ ಹೋದ ಡಬ್ಬಿಗಳೇ ವಾಪಸು ಚರ್ಚ್‌ಗೇಟಿಗೆ ಬರುತ್ತವೆ. ಗಾಡಿ ಅದೇ, ಮೂತಿಯ ಮೇಲಿನ ಬೋರ್ಡು ಬೇರೆ. ಪೂಲಿನ ಥ್ರೆಡ್‌ಗಳೂ ಹಾಗೆಯೇ, ಒಂದು ಕೆಲಸ ಮುಗಿಸಿ ಇನ್ನೊಂದಕ್ಕೆ ಹೋಗುತ್ತವೆ. ಆದ್ದರಿಂದ ಪೂಲಿಗೆ ಹುಟ್ಟುವಾಗ ಅದರ ಮನೆಯ ಹೆಸರು ಕೊಡಿ (ಜಾವಾದಲ್ಲಿ ಥ್ರೆಡ್‌ಫ್ಯಾಕ್ಟರಿ ಅಂತ ಇದಕ್ಕೇ ಇದೆ), ಕೆಲಸ ಶುರುವಾದಾಗ ಬೋರ್ಡು ತಿರುಗಿಸಿ, ಮುಗಿದಾಗ, ಕೆಲಸ ಕೆಟ್ಟು ನಿಂತರೂ ಸಹ, ಹಳೇ ಬೋರ್ಡು ವಾಪಸು ಹಾಕಿ. 'ಫೈನಲಿ' ಅನ್ನುವ ಜಾಗದಲ್ಲಿ ಬರೆದರೆ ಮರೆಯುವುದಿಲ್ಲ. ಚರ್ಚ್‌ಗೇಟಿಗೆ ಹೊರಟ ಗಾಡಿಯ ಮೂತಿಯಲ್ಲಿ ಇನ್ನೂ ವಿರಾರ್ ಅಂತಿದ್ದರೆ ಪ್ಲಾಟ್‌ಫಾರ್ಮಿನಲ್ಲಿ ಏನಾಗುತ್ತದೆ ನಿಮಗೇ ಗೊತ್ತು. 'ಹೆಸರು ಕ್ಷೀರಸಾಗರ ಭಟ್ಟ, ಮನೆಯಲ್ಲಿ ಮಜ್ಜಿಗೆಗೂ ಗತಿಯಿಲ್ಲ' ಅನ್ನುತ್ತಾರಲ್ಲ, ಸುಳ್ಳು ಹೆಸರಿಗಿಂತ ಬರೀ ನಂಬರೇ ವಾಸಿ.

ಹೆಸರು ಚಿಕ್ಕದಾಗಿಯೂ ಇರಬೇಕು. ಜಾವಾ ಎಷ್ಟುದ್ದದ ಹೆಸರನ್ನೂ ಇಟ್ಟುಕೊಳ್ಳುತ್ತದೆ, ಆದರೆ ಲಿನಕ್ಸ್ ಒಂದು ಥ್ರೆಡ್ಡಿನ ಹೆಸರಿಗೆ ಕೊಡುವ ಜಾಗ 16 ಬೈಟ್, ಅದರಲ್ಲಿ ಕೊನೆಯದು ಮುಕ್ತಾಯದ ಗುರುತಿಗೆ. ಉಳಿದದ್ದು 15. ಡಬ್ಬಾವಾಲಾಗಳು ಡಬ್ಬಿಯ ಪುಟ್ಟ ಮುಚ್ಚಳದ ಮೇಲೆ ಎರಡು ಮೂರು ಅಕ್ಷರ, ಅಂಕೆಗಳಲ್ಲಿ ಸ್ಟೇಷನ್, ಕಟ್ಟಡ, ಮಹಡಿ ಎಲ್ಲಾ ಬರೆಯುತ್ತಾರಲ್ಲ, ಆ ಜಿಪುಣತನ ಇಲ್ಲಿಯೂ ಬೇಕು. ನಾನೊಮ್ಮೆ ಭಾಷಾಭಿಮಾನದಿಂದ ಕನ್ನಡದಲ್ಲೇ ಹೆಸರಿಡೋಣ ಅಂತ ಹೊರಟೆ. ಯೂನಿಕೋಡಿನ ಯುಟಿಎಫ್-8 ಬರವಣಿಗೆಯಲ್ಲಿ ಕನ್ನಡದ ಒಂದೊಂದು ಅಕ್ಷರ ಚಿಹ್ನೆಗೂ ಮೂರು ಬೈಟ್. ಒತ್ತು, ಕೊಂಬು, ಸೊನ್ನೆ ಎಲ್ಲಾ ಲೆಕ್ಕಕ್ಕೆ. 'ಮುಂಬಯಿ' ಅಂತ ಬರೆದರೆ ಆರು ಚಿಹ್ನೆ, 18 ಬೈಟ್, ಹಿಡಿಸಲಿಲ್ಲ! ಊರಿನ ಪತ್ರಿಕೆಯವರು ಬರೆಯುವ ಹಾಗೆ 'ಮುಂಬೈ' ಅಂತ ಬರೆದರೆ ಐದು ಚಿಹ್ನೆ, ಸರಿಯಾಗಿ 15 ಬೈಟ್, ಕೂತಿತು. ಇಷ್ಟು ವರ್ಷ ಇಲ್ಲಿದ್ದು ಮುಂಬಯಿ ಅಂತಲೇ ಬರೆಯುವ ನನಗೆ ಲಿನಕ್ಸಿನ ಎದುರು ಸೋಲು :-)

ಈ ತಾಪತ್ರಯಕ್ಕೆಲ್ಲ ಮೂಲ ಎಲ್ಲಿದೆ ಅಂದರೆ, ಯುನಿಕ್ಸ್ ಲೋಕದ ಥ್ರೆಡ್ ನಿಯಮಗಳು 1995ರಲ್ಲಿ ಗಟ್ಟಿಯಾದಾಗ ಥ್ರೆಡ್ ಹುಟ್ಟಿಸುವ ಫಂಕ್ಷನ್ನಿನಲ್ಲಿ ಹೆಸರಿಗೆ ಜಾಗವನ್ನೇ ಇಡಲಿಲ್ಲ. ಆಮೇಲೆ ಬಂದ ಹೆಸರಿಡುವ ಫಂಕ್ಷನ್ನಿನ ಬಾಲಕ್ಕೆ 'ಎನ್‌ಪಿ' ಅಂತ ಅಂಟಿಸಿದರು, ಅಂದರೆ ಎಲ್ಲಾ ಕಡೆ ನಡೆಯುವ ನಾಣ್ಯವಲ್ಲ ಅಂತ. ಲಿನಕ್ಸಿನಲ್ಲಿ ಒಂದು ಥ್ರೆಡ್ ಇನ್ನೊಂದಕ್ಕೆ ಹೆಸರಿಡಬಹುದು. ಆಪಲ್ ಕಂಪ್ಯೂಟರಿನಲ್ಲಿ ತನಗೆ ತಾನೇ ಇಟ್ಟುಕೊಳ್ಳಬೇಕು. ವಿಂಡೋಸಿನಲ್ಲಂತೂ ಬಹಳ ಕಾಲ ಡಿಬಗ್ಗರಿಗೆ ಹೆಸರು ತಿಳಿಸಲು ಬೇಕೆಂದೇ ಒಂದು ಎರರ್ ಎಬ್ಬಿಸಬೇಕಿತ್ತು! 2016ರ ವಿಂಡೋಸ್ 10 ಆವೃತ್ತಿಯಲ್ಲಿ ಅದಕ್ಕೆ ನೇರವಾದ ದಾರಿ ಬಂತು.

ಇದಕ್ಕೆ ತದ್ವಿರುದ್ಧ ಒಂದು ಉದಾಹರಣೆ ನೋಡಿ. 1997ರ ಜುಲೈ 4ರಂದು ನಾಸಾದ ಪಾಥ್‌ಫೈಂಡರ್ ಮಂಗಳ ಗ್ರಹದಲ್ಲಿ ಇಳಿಯಿತು. ಕೆಲವು ದಿನಗಳಲ್ಲಿ ಅದರ ಕಂಪ್ಯೂಟರ್ ತಾನಾಗಿ ಮತ್ತೆ ಮತ್ತೆ ಮರುಚಾಲೂ ಆಗತೊಡಗಿತು. ಅದರಲ್ಲಿದ್ದ ವಿಎಕ್ಸ್‌ವರ್ಕ್ಸ್ ಎಂಬ ವ್ಯವಸ್ಥೆಯಲ್ಲಿ ಹೊಸ ಕೆಲಸದ ಎಳೆ ಹುಟ್ಟಿಸುವಾಗ ಕೊಡಬೇಕಾದ ಮೊದಲನೇ ವಿಷಯವೇ ಹೆಸರು. ಇಂಜಿನಿಯರುಗಳು ಭೂಮಿಯ ಮೇಲಿದ್ದ ಅದರ ಜೋಡಿ ಯಂತ್ರದಲ್ಲಿ ಅದೇ ತೊಂದರೆ ಮರುಕಳಿಸುವಂತೆ ಮಾಡಿ, ಯಾವ ಎಳೆ ಯಾವಾಗ ಓಡಿತು ಅನ್ನುವ ದಾಖಲೆ ಓದಿದರು. ಹವಾಮಾನದ ಮಾಹಿತಿ ಕೂಡಿಸುವ ಕಡಿಮೆ ಮಹತ್ವದ ಎಳೆ ಲಾಕ್ ಹಿಡಿದಿತ್ತು, ಮಾಹಿತಿ ಹಂಚುವ ಮುಖ್ಯವಾದ ಎಳೆ ಅದಕ್ಕಾಗಿ ಕಾಯುತ್ತಿತ್ತು, ನಡುವಿನ ದರ್ಜೆಯ ಎಳೆಗಳು ನುಗ್ಗಿ ಲಾಕ್ ಹಿಡಿದವನಿಗೇ ಕೆಲಸ ಮುಗಿಸಲು ಬಿಡುತ್ತಿರಲಿಲ್ಲ. ನಮ್ಮ ವಿದರ್ಭದ ಶಾಖೆಯ ಅಣ್ಣನೇ ಅನ್ನಿ. ಇವರಿಗೆ ಎಲ್ಲಾ ಎಳೆಗೂ ಹೆಸರಿತ್ತು. ಭೂಮಿಯಿಂದಲೇ ತಿದ್ದುಪಡಿ ಕಳಿಸಿ ಸರಿಮಾಡಿದರು. ಮಂಗಳನಲ್ಲಿರುವ ಎಳೆಯ ಹೆಸರು ಪಾಸಡೀನಾದಲ್ಲಿ ಗೊತ್ತಿತ್ತು. ಅಂಧೇರಿಯಲ್ಲಿರುವ ಎಳೆಯ ಹೆಸರು ಅಂಧೇರಿಯಲ್ಲೇ ಗೊತ್ತಿರಲಿಲ್ಲ!

ಈಗ ಇದರ ಅಗತ್ಯ ಹೆಚ್ಚಾಗಿದೆ ಅಂತ ನನ್ನ ಅನಿಸಿಕೆ. ಆಗೆಲ್ಲ ರಾತ್ರಿ ಅನ್ನುವುದೊಂದಿತ್ತು. ಎನ್‌ಇಎಫ್‌ಟಿ ಸಂಜೆ ಮುಚ್ಚಿದ ಮೇಲೆ ಸರ್ವರ್ ನಿಲ್ಲಿಸಿ, ನೋಡಿ, ತಿದ್ದಿ, ಬೆಳಗ್ಗೆಗೆ ತೆರೆಯಬಹುದಿತ್ತು. ರಿಸರ್ವ್ ಬ್ಯಾಂಕು 2019ರ ಡಿಸೆಂಬರ್ 16ರಿಂದ ಎನ್‌ಇಎಫ್‌ಟಿಯನ್ನು, 2020ರ ಡಿಸೆಂಬರ್ 14ರಿಂದ ಆರ್‌ಟಿಜಿಎಸ್ಸನ್ನು ದಿನದ 24 ಗಂಟೆಯೂ ತೆರೆದಿಟ್ಟಿದೆ. ಹಣದ ಪ್ರೋಗ್ರಾಮುಗಳಿಗೆ ಈಗ ರಾತ್ರಿಯೇ ಇಲ್ಲ. ನಿಂತರೆ ಜನ ಮೊದಲು ಮಾಡುವುದು ಮರುಚಾಲೂ. ಅದರಿಂದ ಕೆಲಸ ಶುರುವಾಗುತ್ತದೆ, ಸಾಕ್ಷಿ ಅಳಿಸಿ ಹೋಗುತ್ತದೆ. ಮರುಚಾಲೂ ಮಾಡುವ ಮುಂಚಿನ ಎರಡು ನಿಮಿಷದಲ್ಲಿ ತೆಗೆದ ಡಂಪೇ ನಮ್ಮ ಪಂಚನಾಮೆ. ಅದರಲ್ಲಿ ಹೆಸರುಗಳೇ ಇಲ್ಲದಿದ್ದರೆ ಪಂಚನಾಮೆಗೆ ಏನು ಅರ್ಥ?

ಇನ್ನೊಂದು ಎಚ್ಚರಿಕೆ. ಹೆಸರಿನಲ್ಲಿ ಎಲ್ಲಾ ತುಂಬಿಸುತ್ತೇನೆ ಅಂತ ಗ್ರಾಹಕರ ಖಾತೆ ನಂಬರು, ಮೊಬೈಲ್ ನಂಬರು ಹಾಕಬೇಡಿ. ಥ್ರೆಡ್ಡಿನ ಹೆಸರು ಪ್ರತಿ ಲಾಗ್ ಸಾಲಿಗೂ ಹೋಗಿ ಕೂರುತ್ತದೆ, ಲಾಗು ಯಾರ್ಯಾರ ಕೈಗೋ ಹೋಗುತ್ತದೆ. ಡಬ್ಬಿಯ ಮುಚ್ಚಳದ ಮೇಲೆ ಹೋಗಬೇಕಾದ ಜಾಗ ಬರೆದರೆ ಸಾಕು, ಒಳಗೆ ಏನು ಪಲ್ಯ ಇದೆ ಅಂತ ಬರೆಯುವುದಿಲ್ಲ.

2023ರಲ್ಲಿ ಬಂದ ಜಾವಾ 21ರಲ್ಲಿ ವರ್ಚುವಲ್ ಥ್ರೆಡ್ ಅಂತ ಬಂದಿವೆ. ಬಹಳ ಹಗುರ, ಒಂದೇ ಪ್ರೋಗ್ರಾಮಿನಲ್ಲಿ ಲಕ್ಷಗಟ್ಟಲೆ ಹುಟ್ಟಿಸಬಹುದು. ನೀವಾಗಿ ಹೆಸರು ಕೊಡದಿದ್ದರೆ ಅವಕ್ಕೆ ಹೆಸರೇ ಖಾಲಿ, ಥ್ರೆಡ್-23 ಅಂತ ಕೂಡ ಇಲ್ಲ! ಲಕ್ಷ ಎಳೆಗೆ ಯಾರು ಹೆಸರಿಡುತ್ತಾರೆ ಅಂತ ಹೊಸ ಹುಡುಗರು ನಗುತ್ತಾರೆ. ಒಂದೊಂದಕ್ಕೂ ಕೂತು ನಾಮಕರಣ ಮಾಡಿ, ಕಿವಿಯಲ್ಲಿ ಉಸುರಿ ಅಂತ ನಾನು ಹೇಳುತ್ತಿಲ್ಲ. ಹುಟ್ಟಿಸುವ ಜಾಗ ಒಂದೇ ಇರುತ್ತದೆ, ಅಲ್ಲಿ ಒಂದು ಸಾಲು ಬರೆದರೆ ಲಕ್ಷಕ್ಕೂ ಆಯಿತು.

ಈ ಊರಿಗೆ ಬಂದ ಹೊಸದರಲ್ಲಿ ನಮ್ಮನ್ನೂ ಹೀಗೇ ಕರೆದರಲ್ಲ. ಹೋಟೆಲಿನಲ್ಲಿ ಲೋಟ ತೊಳೆದವರೆಲ್ಲ ಛೋಟು, ದಕ್ಷಿಣದಿಂದ ಬಂದವರೆಲ್ಲ ಮದ್ರಾಸಿ. ಯಾರೋ ಒಬ್ಬರು ಊರು ಯಾವುದು, ಹೆಸರು ಏನು ಅಂತ ಕೇಳಿದ ದಿನ ಎಷ್ಟು ಸಮಾಧಾನವಾಗಿತ್ತು ಅನ್ನುವುದು ಹಾಗೆ ಬಂದವರಿಗೆಲ್ಲ ನೆನಪಿರುತ್ತದೆ. ಥ್ರೆಡ್ಡಿಗೆ ಮನಸ್ಸಿಲ್ಲ, ಬೇಜಾರೂ ಇಲ್ಲ, ನಿಜ. ಆದರೆ ಅದಕ್ಕೆ ಹೆಸರಿಡದೇ ಹೋದಾಗ ಬೈಸಿಕೊಳ್ಳುವುದು ಅದಲ್ಲ, ಪಕ್ಕದಲ್ಲಿ ಕೂತ ಮನುಷ್ಯ.

ಆ ಕುಂದಾಪುರದ ಹುಡುಗ ಈಗ ದೊಡ್ಡ ಹುದ್ದೆಯಲ್ಲಿದ್ದಾನೆ, ತಲೆ ಸ್ವಲ್ಪ ಬೋಳಾಗಿದೆ. ಹೊಸಬರು ಬರೆದ ಕೋಡ್ ಅವನ ಮುಂದೆ ಬಂದರೆ ಮೊದಲು ನೋಡುವುದು ಥ್ರೆಡ್ಡಿಗೆ ಹೆಸರಿದೆಯೋ ಇಲ್ಲವೋ ಅಂತ. ಇಲ್ಲದಿದ್ದರೆ ವಾಪಸು. ಯಾಕೆ ಸರ್ ಅಂತ ಕೇಳಿದವರಿಗೆ ಅವನು ಕಥೆ ಹೇಳುತ್ತಾನಂತೆ, ಆದರೆ ಬರೆದವರು ಯಾರು ಅನ್ನುವುದನ್ನು ಮಾತ್ರ ಹೇಳುವುದಿಲ್ಲವಂತೆ. ಅದನ್ನು ನಾನೇ ಇಲ್ಲಿ ಹೇಳಿಕೊಂಡಿದ್ದೇನೆ.

ನಿಮ್ಮ ಪ್ರೋಗ್ರಾಮಿನಲ್ಲಿ ಇವತ್ತು ಎಷ್ಟು ಥ್ರೆಡ್-23ಗಳು ಓಡುತ್ತಿವೆ, ಒಮ್ಮೆ ನೋಡುತ್ತೀರಾ?